ಇಂಗ್ಲಿಷಿನಲ್ಲಿ ಸಾಯದಿದ್ದ ತಾಯಿ

ಅಕ್ಕ ಇಂಗ್ಲಿಷಿನಲ್ಲಿ ಫೇಲಾದದ್ದರಿಂದ ನಮ್ಮ ಮನೆಗೆ ಕೇಬಲ್ ಬಂತು. ಎರಡನೇ ಪಿಯುಸಿಯಲ್ಲಿ ಉಳಿದೆಲ್ಲ ವಿಷಯಗಳಲ್ಲೂ ಪಾಸಾಗಿದ್ದಳು, ಇಂಗ್ಲಿಷೊಂದರಲ್ಲಿ ಹೋಗಿತ್ತು. ಅಪ್ಪ ರೇಷ್ಮೆ ಇಲಾಖೆಯಲ್ಲಿದ್ದರು. ಹಳ್ಳಿ ಹಳ್ಳಿಗೆ ಹೋಗಿ ಹುಳು ಸಾಕುವವರಿಗೆ ಸೊಪ್ಪು ಹಾಕುವುದು, ಮನೆ ತೊಳೆಯುವುದು, ರೋಗ ಬರದ ಹಾಗೆ ನೋಡಿಕೊಳ್ಳುವುದು ಇವನ್ನೆಲ್ಲ ಹೇಳಿಕೊಡುವ ಕೆಲಸ. ಇಂಗ್ಲಿಷ್ ದಿನಾ ಕಿವಿಗೆ ಬೀಳುತ್ತಿದ್ದರೆ ತಾನಾಗಿಯೇ ಬರುತ್ತದೆ ಎಂದು ಅವರ ಆಫೀಸಿನಲ್ಲಿ ಯಾರೋ ಹೇಳಿದ್ದರಂತೆ. ಒಂದು ಭಾನುವಾರ ಪಾಂಡವಪುರದ ನಮ್ಮ ಹೆಂಚಿನ ಮನೆಯ ಕಿಟಕಿಯೊಳಗಿಂದ ಕಪ್ಪು ವೈರು ಒಳಗೆ ಬಂತು.

"ಇಂಗ್ಲಿಷ್ ನ್ಯೂಸ್ ನೋಡ್ಬೇಕು. ಸಿನಿಮಾ ಹಾಡು ಹಾಕ್ಕೊಂಡು ಕುಂತಿದ್ದು ಕಂಡ್ರೆ ವೈರು ಕಿತ್ತಾಕ್ಬುಡ್ತೀನಿ," ಎಂದರು ಅಪ್ಪ.

ಅಕ್ಕ ಮೂರು ದಿನ ನ್ಯೂಸ್ ನೋಡಿದಳು. ನ್ಯೂಸ್ ಓದುವ ಹೆಂಗಸು ಉಸಿರು ಬಿಡದೆ ಓದುತ್ತಿದ್ದಳು. ನಾಲ್ಕನೆಯ ದಿನ ಅಕ್ಕನಿಗೆ ಇನ್ನೊಂದು ಚಾನೆಲ್ಲಿನಲ್ಲಿ ಸಂಜೆ ಐದೂವರೆಗೆ ಬರುವ ಒಂದು ಕಾರ್ಟೂನು ಸಿಕ್ಕಿತು. ಅದರಲ್ಲಿ ಮಾತು ನಿಧಾನ, ಮಕ್ಕಳಿಗೆ ಹೇಳುವ ಹಾಗೆ. ಅಮ್ಮ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುವ ಹೊತ್ತೂ ಅದೇ ಆಗಿದ್ದರಿಂದ ನಮಗೆ ಹೇಳುವವರು ಕೇಳುವವರು ಇರುತ್ತಿರಲಿಲ್ಲ. ಅಕ್ಕ, ನಾನು, ಮೊರದಲ್ಲಿ ಏನಾದರೊಂದನ್ನು ಹಸನು ಮಾಡುತ್ತ ಕೂರುವ ಅಜ್ಜಿ, ಮೂವರೇ. ಅಕ್ಕನಿಗೆ ಹತ್ತೊಂಬತ್ತು ನಡೆಯುತ್ತಿತ್ತು, ನನಗೆ ಹದಿನಾಲ್ಕು.

ಕತೆ ಒಬ್ಬಳು ಹುಡುಗಿಯದು. ಮುಖದ ಅರ್ಧದಷ್ಟು ಕಣ್ಣು, ಕುತ್ತಿಗೆಗೆ ಕತ್ತರಿಸಿದ ಕೂದಲು. ಸಮುದ್ರದ ದಡದ ಒಂದು ಊರಿನಲ್ಲಿ ತಾತನ ಜೊತೆ ಇರುತ್ತಾಳೆ. ತಾತ ಹೊಗೆ ಬಿಡುವ ಒಂದು ಚಿಕ್ಕ ಹಡಗು ನಡೆಸುತ್ತಾನೆ. ನಾವು ಅದನ್ನು ದೋಣಿ ಎನ್ನುತ್ತಿದ್ದೆವು. ದೋಣಿ ದ್ವೀಪಗಳಿಗೆ ಹೋಗಿ ಸಂಜೆಗೆ ವಾಪಸು ಬರುತ್ತದೆ. ಹುಡುಗಿಯ ತಾಯಿ ದೂರದ ನಗರದಲ್ಲಿ ಕೆಲಸಕ್ಕೆ ಹೋಗಿದ್ದಾಳೆ, ಒಂದು ದಿನ ಬರುತ್ತಾಳೆ. ಅದಕ್ಕೇ ಹುಡುಗಿ ದಿನಾ ಸಂಜೆ ದೋಣಿ ನಿಲ್ಲುವ ಕಟ್ಟೆಯ ಮೇಲೆ ನಿಂತು ದೋಣಿಯಿಂದ ಇಳಿಯುವವರನ್ನು ನೋಡುತ್ತಾಳೆ. ಇಷ್ಟು ಅಕ್ಕ ಇಂಗ್ಲಿಷಿನಿಂದ ಬಿಡಿಸಿ ನಮಗೆ ಹೇಳಿದ್ದು. ಅವಳ ತೊಡೆಯ ಮೇಲೆ ಒಂದು ನೋಟ್‌ಬುಕ್ಕು ಸದಾ ಇರುತ್ತಿತ್ತು, ಹೊಸ ಪದ ಕೇಳಿದಾಗ ಕನ್ನಡ ಅಕ್ಷರದಲ್ಲಿ ಗೀಚಿಕೊಳ್ಳುತ್ತಿದ್ದಳು. ಇದು ಜಪಾನಿನದು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಇಂಗ್ಲಿಷ್ ಮಾತಾಡುತ್ತಾರೆಂದ ಮೇಲೆ ಅಮೆರಿಕದ್ದೇ ಎಂದುಕೊಂಡಿದ್ದೆವು.

ಅಜ್ಜಿಗೆ ಒಂದಕ್ಷರ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಅಕ್ಕನ ಜೊತೆ ದಿನಾ ಜಗಳ. ತಾತ ಬುತ್ತಿಯಿಂದ ಬೆಳ್ಳನೆಯ ಮೂರು ಮೂಲೆಯ ಉಂಡೆ ತೆಗೆದು ಮೊಮ್ಮಗಳಿಗೆ ಕೊಟ್ಟ. ಹುಡುಗಿ ಅದನ್ನು ಕಚ್ಚಿ ಏನೋ ಹೇಳಿದಳು.

"ಬ್ರೆಡ್ಡು ಚೆನ್ನಾಗಿದೆ ಅಂತಿದಾಳೆ," ಎಂದಳು ಅಕ್ಕ.

"ಬ್ರೆಡ್ಡಂತೆ! ಅನ್ನದ ಉಂಡೆ ಕಣವ್ವ ಅದು. ಕೈಗೆ ಮೆತ್ಕಂಡದೆ ನೋಡು, ಅಗುಳು."

"ಅವರೇ ಬ್ರೆಡ್ಡು ಅಂತಾವ್ರೆ ಅಜ್ಜಿ. ನಿಂಗೇನು ಗೊತ್ತು?"

"ಅವ್ರು ಏನಾರ ಅಂದ್ಕಳ್ಳಿ. ನಂಗೆ ಕಣ್ಣಿಲ್ವಾ?"

ಇನ್ನೊಂದು ದಿನ ಹುಡುಗಿ ಸಮುದ್ರ ನೋಡುತ್ತ ನಿಂತಿದ್ದಳು. ಬಾಯಿ ಮುಚ್ಚಿತ್ತು, ಆದರೂ ಮಾತು ಬರುತ್ತಲೇ ಇತ್ತು. ಅಮ್ಮ ಬಂದ ಮೇಲೆ ಅದು ಮಾಡೋಣ, ಇದು ಮಾಡೋಣ ಅಂತ ಒಂದೇ ಸಮನೆ. "ಬಾಯಿ ಆಡ್ದೇನೇ ಮಾತು ಬತ್ತಾದಲ್ಲ, ಇದ್ಯಾವ ಸೀಮೆ ಹುಡುಗಿನೇ?" ಎಂದು ಅಜ್ಜಿ ಮೊರ ನಿಲ್ಲಿಸಿ ಕೇಳಿದಳು. ಅಕ್ಕ ನಕ್ಕಳು. ಅಜ್ಜಿ ನಗಲಿಲ್ಲ. "ಅದರ ಅವ್ವ ಸತ್ತೋಗವ್ಳೆ ಕಣ್ರೇ," ಎಂದಳು. "ಆ ಮನೇಲಿ ಗೋಡೆಗಾನ್ಸಿ ಒಂದು ಫೋಟ ಮಡಗವ್ರೆ, ಮುಂದೆ ಊದುಗಡ್ಡಿ ಹಚ್ಚವ್ರೆ. ಬದುಕಿರೋರ ಫೋಟಕ್ಕೆ ಯಾರಾರ ಊದುಗಡ್ಡಿ ಹಚ್ಚಾರಾ?"

ನಾನೂ ಅಕ್ಕನೂ ಮಾರನೆಯ ದಿನದಿಂದ ಆ ಫೋಟೋಗಾಗಿ ಕಾದೆವು. ಅದು ಅಜ್ಜಿ ಹೇಳಿದಷ್ಟು ಸ್ಪಷ್ಟವಾಗಿ ಮತ್ತೆ ಕಾಣಲೇ ಇಲ್ಲ. ಆ ಗೋಡೆಯ ಹತ್ತಿರಕ್ಕೆ ಬರುವಷ್ಟರಲ್ಲಿ ಚಿತ್ರ ಹಾರಿ ಬೇರೆ ಕಡೆ ಹೋಗುತ್ತಿತ್ತು. ಕೇಬಲ್ಲಿನವನದೇ ತೊಂದರೆ ಎಂದು ತೀರ್ಮಾನಿಸಿದೆವು.

ಮಾಘದಲ್ಲಿ ಅಕ್ಕನ ಮದುವೆಯಾಯಿತು. ನಾಗಮಂಗಲದ ಹತ್ತಿರದ ಹಳ್ಳಿ. ಭಾವ ಅಲ್ಲಿನ ಹಾಲಿನ ಸಂಘದಲ್ಲಿದ್ದರು, ತೋಟ ಗದ್ದೆಯೂ ಇತ್ತು, ಒಳ್ಳೆಯವರು. ಅವರ ಮನೆಯಲ್ಲಿ ಟೀವಿ ಇತ್ತಾದರೂ ಸೂರಿನ ಮೇಲೊಂದು ಆಂಟೆನಾ ಮಾತ್ರ, ಕೇಬಲ್ ಆ ಊರಿಗೆ ಬಂದಿರಲಿಲ್ಲ. ಕಳಿಸಿಕೊಡುವ ದಿನ ಅಮ್ಮ ಮಡಿಲು ತುಂಬುತ್ತಿದ್ದಾಗ ಅಕ್ಕ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಳು. ಏನೋ ದೊಡ್ಡದು ಹೇಳುತ್ತಾಳೆಂದುಕೊಂಡೆ. "ಮುಂದೇನಾಯ್ತು ಅಂತ ಬರೀತಿರೇ. ಒಂದೂ ಬಿಡ್ಬೇಡ," ಎಂದಳು. ನೋಟ್‌ಬುಕ್ಕನ್ನೂ ನನಗೇ ಕೊಟ್ಟು ಹೋದಳು.

ಹಾಗೆ ನಾನು ಬರೆಯತೊಡಗಿದೆ. ವಾರಕ್ಕೊಂದು ಇನ್‌ಲ್ಯಾಂಡ್ ಲೆಟರು. ಮೇಲಿನ ಎರಡು ಸಾಲಿನಲ್ಲಿ ಎಲ್ಲರೂ ಕ್ಷೇಮ, ಹಸು ಕರು ಹಾಕಿತು. ಉಳಿದ ಜಾಗವೆಲ್ಲ ದೋಣಿ ಹುಡುಗಿಗೆ. ನನ್ನ ಇಂಗ್ಲಿಷ್ ಅಕ್ಕನದಕ್ಕಿಂತ ಕಡಿಮೆ. ಅರ್ಥವಾಗದ ಕಡೆ ಮುಖ ನೋಡಿ ಊಹಿಸುತ್ತಿದ್ದೆ, ಊಹಿಸಿದ್ದನ್ನು ಕನ್ನಡದಲ್ಲಿ ಧೈರ್ಯವಾಗಿ ಬರೆಯುತ್ತಿದ್ದೆ. ಅಕ್ಕ ಇಲ್ಲದ ಮನೆಯಲ್ಲಿ ಐದೂವರೆ ಗಂಟೆ ಬಹಳ ಉದ್ದವಿರುತ್ತಿತ್ತು. ಅವಳು ಕೂರುತ್ತಿದ್ದ ಕಂಬದ ಬುಡದಲ್ಲಿ ಈಗ ನಾನು ಒರಗಿ ಕೂರುತ್ತಿದ್ದೆ. ಅಜ್ಜಿಗೂ ಜಗಳಕ್ಕೆ ಸರಿಯಾದ ಜೊತೆ ಇರಲಿಲ್ಲ. "ಅವಳಿದ್ದಿದ್ರೆ ಯೋಳೋಳು," ಎಂದು ಗೊಣಗಿ ಮತ್ತೆ ಮೊರಕ್ಕೆ ಬಗ್ಗುತ್ತಿದ್ದಳು.

ಶ್ರಾವಣದಲ್ಲಿ ನಾಗಮಂಗಲದಿಂದ ಯಾರೋ ಬಂದು ಅಪ್ಪನ ಹತ್ತಿರ ಏನೋ ಹೇಳಿದರು. ಅಮ್ಮ ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಆಗಿಂದಾಗಲೇ ಹೊರಟುಹೋದಳು. ಎಂಟು ದಿನ ಬಿಟ್ಟು ಬಂದಳು. ಅಕ್ಕನಿಗೆ ಐದನೆಯ ತಿಂಗಳಿಗೆ ಬಿದ್ದಿತ್ತು, ಬಸುರು ನಿಲ್ಲಲಿಲ್ಲ. ಇದನ್ನು ನನಗೆ ಯಾರೂ ಹೇಳಲಿಲ್ಲ. ಅಮ್ಮ ಅಜ್ಜಿಗೆ ಹೇಳುವಾಗ ಕೊಟ್ಟಿಗೆಯ ಗೋಡೆಯಾಚೆಯಿಂದ ಕೇಳಿಸಿಕೊಂಡೆ.

"ಅಕ್ಕಂಗೆ ಏನಾಗಿತ್ತಮ್ಮ?" ಎಂದು ಕೇಳಿದೆ.

"ಜ್ವರ ಬಂದಿತ್ತು, ವಾಸಿಯಾಯ್ತು. ನೀನು ಕಾಗದದಲ್ಲಿ ಅದ್ನೆಲ್ಲ ಕೇಳೋಕ್ ಹೋಗ್ಬೇಡ. ಸಂತೋಷವಾಗಿರೋದು ಏನಾರ ಬರಿ."

ಅದೇ ವಾರ ಇನ್ನೊಂದು ಆಯಿತು. ಕತೆ ತುದಿಗೆ ಬಂದ ಹಾಗಿತ್ತು. ತಾತ ಕಾಯಿಲೆ ಬಿದ್ದಿದ್ದ, ದೋಣಿ ಮಾರುವ ಮಾತು ನಡೆದಿತ್ತು. ನಗರದಿಂದ ಒಂದು ಕಾಗದ ಬಂದಿತ್ತು, ಅದನ್ನು ಹುಡುಗಿ ಒಡೆಯುತ್ತಿದ್ದ ಹಾಗೆಯೇ ಆ ದಿನದ ಭಾಗ ಮುಗಿದಿತ್ತು. ಸೋಮವಾರ ಸ್ಕೂಲಿಂದ ಬಂದು ಕೈಕಾಲು ಕೂಡ ತೊಳೆಯದೆ ಕೂತೆ. ಬಂದದ್ದು ಮೊದಲನೆಯ ಭಾಗ. ಹುಡುಗಿ ಚಿಕ್ಕವಳು, ತಾತನ ಕೂದಲು ಇನ್ನೂ ಕಪ್ಪು. ಮಂಗಳವಾರ ಎರಡನೆಯದು. ಅವರು ಕತೆ ಮುಗಿಸದೆ ಮತ್ತೆ ಮೊದಲಿಂದ ಹಾಕಿಬಿಟ್ಟಿದ್ದರು. ಕೇಬಲ್ಲಿನವನನ್ನು ಕೇಳಿದರೆ, "ಮೇಲಿಂದ ಏನು ಬತ್ತದೋ ಅದ್ನ ಬುಡ್ತೀನಿ ಕಣವ್ವ, ನಾನೇನು ಮಾಡ್ಲಿ?" ಎಂದ.

ಅಕ್ಕನಿಗೆ ಏನೆಂದು ಬರೆಯುವುದು? ಎರಡು ದಿನ ಇನ್‌ಲ್ಯಾಂಡ್ ಲೆಟರನ್ನು ಪುಸ್ತಕದೊಳಗಿಟ್ಟುಕೊಂಡು ಸ್ಕೂಲಿಗೆ ಓಡಾಡಿದೆ. ಮೂರನೆಯ ದಿನ ಬರೆದೆ. ಆ ಕಾಗದ ತಾಯಿಯದೇ. ದೋಣಿ ಬಂತು, ಎಲ್ಲರೂ ಇಳಿದರು, ಹುಡುಗಿ ತಿರುಗಿ ಹೊರಟಳು, ಆಗ ಹಿಂದಿನಿಂದ ಯಾರೋ ಕೂಗಿದರು. ತಾಯಿ ಹಸಿರು ಸೀರೆ ಉಟ್ಟಿದ್ದಳು ಎಂದು ಬರೆದು ಸೀರೆಯನ್ನು ಹೊಡೆದುಹಾಕಿ ಕೋಟು ಎಂದು ತಿದ್ದಿದೆ. ಬರೆಯುತ್ತ ಬರೆಯುತ್ತ ನನಗೇ ಅಳು ಬಂತು.

ಅಕ್ಕ ಒಂದು ಕಾರ್ಡಿನಲ್ಲಿ ಉತ್ತರ ಬರೆದಳು. ಎರಡೇ ಸಾಲು. "ಅವಳ ಅಮ್ಮ ಬಂದಳಲ್ಲ, ಸಾಕು. ನಾಲ್ಕು ಸಲ ಓದಿದೆ." ಆ ಕಾರ್ಡನ್ನು ನೋಡಿ ನಾನು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ.

ದಸರಾ ರಜೆಯಲ್ಲಿ ಅಪ್ಪ ನನ್ನನ್ನು ಅಕ್ಕಿಹೆಬ್ಬಾಳಿಗೆ ಕರೆದುಕೊಂಡು ಹೋದರು. ಆ ಕಾಲಕ್ಕೆ ಜಪಾನಿನಿಂದ ರೇಷ್ಮೆ ತಜ್ಞರು ಬಂದು ಮೈಸೂರಿನಲ್ಲಿದ್ದರು. ಹೊಸ ತಳಿಯ ಹುಳು ಸಾಕುವುದನ್ನು ಊರೂರಿಗೆ ಹೋಗಿ ತೋರಿಸುತ್ತಿದ್ದರು. ಅವರಲ್ಲೊಬ್ಬರು ಹೆಂಡತಿಯನ್ನೂ ಕರೆತರುತ್ತಾರೆ, ಆಕೆಯ ಜೊತೆ ಹೆಣ್ಣುಮಕ್ಕಳು ಯಾರಾದರೂ ಇದ್ದರೆ ಚೆನ್ನ ಎಂದು ಆಫೀಸಿನಲ್ಲಿ ಮಾತಾಗಿತ್ತಂತೆ. ಇಲಾಖೆಯ ಜೀಪಿನ ಹಿಂದಿನ ಸೀಟಿನಲ್ಲಿ ಆಕೆಯ ಎದುರು ಕೂತೆ. ಅಮ್ಮನ ವಯಸ್ಸಿನವರು. ಬಿಸಿಲಿಗೆ ಬಟ್ಟೆಯ ಟೋಪಿ, ಕೈಯಲ್ಲಿ ಕ್ಯಾಮೆರಾ. ಕೆ.ಆರ್. ಪೇಟೆ ದಾಟುವವರೆಗೂ ನಾವಿಬ್ಬರೂ ಒಬ್ಬರಿಗೊಬ್ಬರು ನಗುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ.

ಅಕ್ಕಿಹೆಬ್ಬಾಳಿನ ಆ ರೈತರ ಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಗಂಡಸರೆಲ್ಲ ಹುಳುವಿನ ಮನೆಯೊಳಗೆ ಹೋದರು. ನಮಗೆ ಜಗಲಿಯ ಮೇಲೆ ಊಟಕ್ಕೆ ಹಾಕಿದರು. ಮುದ್ದೆಯನ್ನು ಹೇಗೆ ತಿನ್ನುವುದೆಂದು ಮನೆಯಾಕೆ ಜಪಾನಿನ ಅಮ್ಮನಿಗೆ ತೋರಿಸಿದರು. "ಅಗೀಬಾರ್ದು ಕಣಮ್ಮ, ಅಂಗೇ ನುಂಗ್ಬೇಕು." ಆಕೆ ಕಣ್ಣು ಮುಚ್ಚಿ ನುಂಗಿ ಎಲ್ಲರನ್ನೂ ನಗಿಸಿದರು. ಆಮೇಲೆ ಅನ್ನ ಬಂದಾಗ, ಈಗ ತನ್ನ ಸರದಿ ಎನ್ನುವ ಹಾಗೆ ಕೈ ಒದ್ದೆ ಮಾಡಿಕೊಂಡು, ಒಂದು ಹಿಡಿ ಅನ್ನ ತೆಗೆದುಕೊಂಡು ಎರಡೂ ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ಒತ್ತಿದರು. ಮೂರು ಮೂಲೆಯ ಬಿಳಿ ಉಂಡೆ ನನ್ನ ಎಲೆಯ ಮೇಲೆ ಬಂದು ಕೂತಿತು.

ನಾನು ಎಲೆ ಬಿಟ್ಟು ಎದ್ದುನಿಂತೆ. "ಬ್ರೆಡ್ಡು! ಟೀವಿ ಬ್ರೆಡ್ಡು!" ಎಂದು ಇಂಗ್ಲಿಷಿನಲ್ಲಿ ಕೂಗಿದ್ದು ನೆನಪಿದೆ. ಆಕೆಗೆ ಏನೂ ತಿಳಿಯಲಿಲ್ಲ. ಅಪ್ಪನ ಚೀಲದಿಂದ ಒಂದು ಹಾಳೆ ತಂದು ಅದರ ಹಿಂದೆ ದೋಣಿ, ಕಟ್ಟೆ, ಕುತ್ತಿಗೆಗೆ ಕತ್ತರಿಸಿದ ಕೂದಲಿನ ಹುಡುಗಿಯನ್ನು ಬರೆದೆ. ಆಕೆ ಹಾಳೆಯನ್ನು ಹತ್ತಿರಕ್ಕೆ ತಂದು ನೋಡಿ "ಓ" ಎಂದರು, ಹುಡುಗಿಯ ಹೆಸರು ಹೇಳಿದರು. ನಾನು ಕೇಳಿದ್ದ ಹೆಸರು ಅದಲ್ಲ. ನಾನು ಹೇಳಿದ ಹೆಸರಿಗೆ ಅವರು ತಲೆಯಲ್ಲಾಡಿಸಿದರು. ಶುರುವಿನಲ್ಲಿ ಬರುವ ಹಾಡನ್ನು ಗುನುಗಿದೆ. ಅದೂ ಅವರಿಗೆ ಗೊತ್ತಿರಲಿಲ್ಲ. ಅವರು ಬೇರೆ ಹಾಡನ್ನು ಮೆಲ್ಲಗೆ ಹಾಡಿ ತೋರಿಸಿದರು. ನಾನು ಕೇಳಿದ್ದಕ್ಕೆ ಡೋಲು ತುತ್ತೂರಿಯೆಲ್ಲ ಇದ್ದವು. ಇದು ಮಗು ಮಲಗಿದೆಯೋ ಎಂದು ನೋಡಿಕೊಂಡು ಹಾಡುವ ಹಾಗಿತ್ತು.

ಅವರ ಇಂಗ್ಲಿಷೂ ನನ್ನದರಷ್ಟೇ ಇತ್ತು, ಅದರಿಂದಲೇ ನನಗೆ ಎಲ್ಲ ತಿಳಿಯಿತು. "ತಾಯಿ ಯಾವಾಗ ಬರುತ್ತಾಳೆ?" ಎಂದು ಕೇಳಿದೆ.

"ತಾಯಿ ಬರುವುದಿಲ್ಲ," ಎಂದರು. "ತಾಯಿ ಸತ್ತಿದ್ದಾಳೆ. ಮೊದಲ ದಿನವೇ."

"ಇಲ್ಲ, ನಗರಕ್ಕೆ ಹೋಗಿದ್ದಾಳೆ."

"ನಗರ ಇಲ್ಲ. ಹುಡುಗಿಗೆ ಗೊತ್ತು. ಗೊತ್ತಿದ್ದೂ ದಿನಾ ಕಟ್ಟೆಗೆ ಹೋಗುತ್ತಾಳೆ. ಅದೇ ಕತೆ."

ಅಜ್ಜಿ ಮೊರ ಹಿಡಿದುಕೊಂಡು ಹೇಳಿದ್ದೆಲ್ಲ ಒಂದೇ ಸಲ ನನ್ನ ತಲೆಗೆ ಬಂತು. ವಾಪಸು ಬರುವಾಗ ಜೀಪಿನಲ್ಲಿ ಆ ಹಾಳೆಯನ್ನು ಮಡಚುತ್ತ ಬಿಡಿಸುತ್ತ ಕೂತಿದ್ದೆ. ಆಕೆ ನನ್ನ ಮುಖ ನೋಡಿ ಏನನ್ನೋ ಅರ್ಥಮಾಡಿಕೊಂಡಿರಬೇಕು. ಇಳಿಯುವಾಗ, ತನ್ನ ಹೆಣ್ಣುಮಕ್ಕಳಿಗಾಗಿ ತನ್ನ ತಾಯಿ ಜಪಾನಿನಲ್ಲಿ ಟೀವಿಯಿಂದ ತುಂಬಿಸಿ ಕಳಿಸಿದ ಕ್ಯಾಸೆಟ್ಟಿದೆ, ಅದರಲ್ಲಿ ಮೊದಲನೆಯ ಭಾಗವೂ ಕೊನೆಯ ಭಾಗವೂ ಇವೆ, ಕೊಡುತ್ತೇನೆ, ನೋಡಿ ವಾಪಸು ಕೊಡು ಎಂದರು. ಹದಿನೈದು ದಿನದಲ್ಲಿ ಅದು ಅಪ್ಪನ ಚೀಲದಲ್ಲಿ ನಮ್ಮ ಮನೆಗೆ ಬಂತು. ಬೆನ್ನಿನ ಮೇಲೆ ನನಗೆ ಓದಲು ಬಾರದ ಅಕ್ಷರ. ಅದನ್ನು ಬಟ್ಟೆ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟೆ. ಅಕ್ಕನಿಗೆ ತೋರಿಸಬೇಕೆಂದು ಎಷ್ಟು ಆಸೆಯಿತ್ತೋ ತೋರಿಸಬಾರದೆಂದೂ ಅಷ್ಟೇ ಇತ್ತು.

ದೀಪಾವಳಿಗೆ ಅಕ್ಕ ಭಾವ ಬಂದರು, ಮದುವೆಯಾದ ಮೇಲಿನ ಮೊದಲನೆಯ ದೀಪಾವಳಿ. ಭಾವ ಹಬ್ಬ ಮುಗಿಸಿ ಹೊರಟರು, ಅಕ್ಕ ನಾಲ್ಕು ದಿನ ಉಳಿದಳು. ಸಣ್ಣಗಾಗಿದ್ದಳು. ನಗುತ್ತಿದ್ದಳು, ಆದರೆ ನಾವು ಯಾರಾದರೂ ಮೊದಲು ನಕ್ಕ ಮೇಲೆ. ಐದೂವರೆಗೆ ಟೀವಿ ಹಾಕಿದರೆ, "ಮುಗೀತಲ್ಲ, ಮತ್ಯಾಕೆ ನೋಡ್ತೀಯ?" ಎಂದು ಎದ್ದುಹೋದಳು. ಮಾರನೆಯ ದಿನ ಅಮ್ಮ, ಗಂಜಾಂನಲ್ಲಿ ನಿಮಿಷಾಂಬನಿಗೆ ಪೂಜೆ ಮಾಡಿಸಬೇಕು, ಶ್ರೀರಂಗಪಟ್ಟಣಕ್ಕೆ ಹೋಗಿ ಬರೋಣ ಎಂದಳು. ಶ್ರೀರಂಗಪಟ್ಟಣದಲ್ಲಿ ನಮ್ಮ ಸೋದರಮಾವ ಇದ್ದ. ಪೇಟೆ ಬೀದಿಯಲ್ಲಿ ಅವನದು ವಿಡಿಯೋ ಅಂಗಡಿ. ಮದುವೆ, ಗೃಹಪ್ರವೇಶಗಳ ವಿಡಿಯೋ ತೆಗೆಯುವ ಕೆಲಸ. ಕ್ಯಾಸೆಟ್ಟನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಅಮ್ಮ ಮಾವನ ಹೆಂಡತಿಯನ್ನು ಜೊತೆ ಮಾಡಿಕೊಂಡು ಗುಡಿಗೆ ಮುಂದಾಗಿ ಹೋದಳು. ನಾವಿಬ್ಬರೂ ಮಾವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತೆವು. ಎರಡು ಟೀವಿ, ಎರಡು ವೀಸೀಆರು, ನೆಲದ ತುಂಬ ವೈರು. "ಅಕ್ಕ, ನಿಂಗೊಂದು ತೋರಿಸ್ಬೇಕು," ಎಂದು ಕ್ಯಾಸೆಟ್ಟು ತೆಗೆದು ಅದು ಹೇಗೆ ಸಿಕ್ಕಿತೆಂದು ಹೇಳಿದೆ. ತಾಯಿಯ ವಿಷಯ ಹೇಳಲು ಬಾಯಿ ಬರಲಿಲ್ಲ.

ಮಾವ ಹಾಕಿದ. ಚಿತ್ರ ಬಂತು, ಬಣ್ಣ ಬರಲಿಲ್ಲ. "ಜಪಾನ್ ಟೇಪು ಕಣವ್ವ, ನಮ್ಮ ಮಿಷಿನ್ನಿಗೆ ಅದರ ಬಣ್ಣ ಹತ್ತಲ್ಲ. ಬರೀ ಕಪ್ಪು ಬಿಳುಪು ಬತ್ತದೆ," ಎಂದ. ಹಾಗೆಯೇ ನೋಡಿದೆವು. ಮೊದಲು ಆ ಮೆಲುದನಿಯ ಹಾಡು. ಆಮೇಲೆ ಮಳೆ. ಕಪ್ಪು ಬಟ್ಟೆ ತೊಟ್ಟ ಜನ ಕಟ್ಟೆಯ ಮೇಲೆ ನಿಂತಿದ್ದಾರೆ. ತಾತನ ದೋಣಿ ದೂರದಿಂದ ಬರುತ್ತಿದೆ. ದೋಣಿಯ ಮೇಲೆ ಬಿಳಿ ಬಟ್ಟೆ ಸುತ್ತಿದ ಒಂದು ಪೆಟ್ಟಿಗೆ. ಹುಡುಗಿ ಯಾರ ಕೈಯನ್ನೂ ಹಿಡಿಯದೆ ನಿಂತಿದ್ದಾಳೆ. ಯಾರೂ ಮಾತಾಡುವುದಿಲ್ಲ. ಎಷ್ಟು ಹೊತ್ತು ಮಾತಾಡುವುದಿಲ್ಲವೆಂದರೆ, ಮಾವ ಸೌಂಡು ಹೋಯಿತೆಂದು ಗುಂಡಿ ತಿರುವಿದ. ಮಳೆಯ ಸದ್ದು ಜೋರಾಯಿತು.

"ಇದು ಇರಲೇ ಇಲ್ಲವಲ್ಲ," ಎಂದಳು ಅಕ್ಕ.

ಮಾವನಿಗೆ ಕುತೂಹಲ ಹುಟ್ಟಿತು. ಅಂಗಡಿಗೆ ಕೇಬಲ್ ಇತ್ತು. ಅಕ್ಕನಿಗಿರಲೆಂದು ಕತೆಯ ಕೊನೆಯನ್ನು ತುಂಬಿಸಿಡಲು ನಾನು ಮೊದಲೇ ಗೋಗರೆದಿದ್ದೆ, ಆ ಸೋಮವಾರ ಬಂದದ್ದು ಇಂಗ್ಲಿಷಿನ ಮೊದಲನೆಯ ಭಾಗವಾದರೂ ಅವನು, ತಪ್ಪಿದ್ದ ಒಂದೆರಡು ನಿಮಿಷ ಬಿಟ್ಟು, ಉಳಿದದ್ದನ್ನು ತುಂಬಿಸಿಟ್ಟಿದ್ದ. ಅದನ್ನು ಇನ್ನೊಂದು ಟೀವಿಗೆ ಹಾಕಿದ. ಅದರಲ್ಲಿ ಮಳೆಯಿಲ್ಲ, ಜನರಿಲ್ಲ. ತಾಯಿಯ ನಗುಮುಖ, ಬೈ ಬೈ ಎನ್ನುವ ದನಿ, ದೋಣಿ ದೂರ ದೂರಕ್ಕೆ ಹೋಗುತ್ತದೆ, ಡೋಲಿನ ಹಾಡು. ಮಾವ ಮುಂದಕ್ಕೆ ಬಾಗಿದ. ನಿಲ್ಲಿಸಿದ. ಹಿಂದಕ್ಕೆ ಓಡಿಸಿ ಮತ್ತೆ ಬಿಟ್ಟ.

"ಹೊಗೆ ನೋಡ್ರವ್ವ," ಎಂದ.

ನೋಡಿದೆವು. ದೋಣಿಯ ಕೊಳವೆಯಿಂದ ಹೊಗೆ ಹೊರಗೆ ಬರುತ್ತಿರಲಿಲ್ಲ. ಆಕಾಶದಿಂದ ಇಳಿದು ಕೊಳವೆಯೊಳಕ್ಕೆ ಹೋಗುತ್ತಿತ್ತು.

"ಇದು ಓಗೋ ದೋಣಿ ಅಲ್ಲ, ಬರೋ ದೋಣಿನೇ. ಅದ್ನೇ ತಿರುವಾಕವ್ರೆ. ಪೆಟ್ಟಿಗೆ ಕಾಣೋ ಕಡೆ ಕತ್ರಿ ಹಾಕವ್ರೆ. ನಾನೂ ಮದುವೆ ಕ್ಯಾಸೆಟ್ಟಲ್ಲಿ ಇಂಗೇ ಮಾಡ್ತೀನಿ, ಅಕ್ಷತೆ ನೆಲದಿಂದ ಮೇಲಕ್ಕೆ ಆರೋ ಅಂಗೆ." ತನ್ನ ಕಸುಬಿನವರ ಕೈಚಳಕ ಕಂಡು ಅವನಿಗೆ ಖುಷಿಯಾಗಿತ್ತು. "ಬಲೇ ನನ್ಮಕ್ಳು ಕಣವ್ವ. ಸತ್ತೋಳ್ನ ಕೆಲಸಕ್ಕೆ ಕಳ್ಸವ್ರೆ!"

ಅಕ್ಕ ನಗಲಿಲ್ಲ. "ಕೊನೇದು ಹಾಕು ಮಾವ," ಎಂದಳು.

ಕೊನೆಯ ಭಾಗದಲ್ಲಿ ಹುಡುಗಿ ದೊಡ್ಡವಳಾಗಿದ್ದಳು. ನಗರದಿಂದ ಬಂದ ಕಾಗದ ಯಾವುದೋ ಶಾಲೆಯದು. ಅವಳೇ ಊರು ಬಿಟ್ಟು ಹೊರಟಳು. ಹೊರಡುವ ಮೊದಲು ಫೋಟೋದ ಮುಂದೆ ಊದುಗಡ್ಡಿ ಹಚ್ಚಿ, ಕೂತು, ಬಹಳ ಹೊತ್ತು ಏನೋ ಹೇಳಿದಳು. ಅದರಲ್ಲಿ ಒಂದು ಮಾತೂ ನಮಗೆ ತಿಳಿಯಲಿಲ್ಲ. ತಾಯಿ ಎಂಬ ಪದ ಯಾವುದಿರಬಹುದೆಂದು ಮಾತ್ರ ಗೊತ್ತಾಯಿತು, ಏಕೆಂದರೆ ಅದನ್ನು ಮತ್ತೆ ಮತ್ತೆ ಹೇಳಿದಳು. ಆಮೇಲೆ ದೋಣಿ ಹತ್ತಿದಳು. ಮುಗಿಯಿತು. ಅಕ್ಕನ ಸೆರಗಿನ ತುದಿ ಅವಳ ಹಲ್ಲುಗಳ ನಡುವೆ ಇತ್ತು.

ಅಮ್ಮ ಕಾಯುತ್ತಿದ್ದುದರಿಂದ ಗಂಜಾಂ ಕಡೆಗೆ ನಡೆದು ಹೊರಟೆವು. ಸಂಜೆ ನಾಲ್ಕರ ಬಿಸಿಲು. ಅರ್ಧ ದಾರಿಯಲ್ಲಿ ಅಕ್ಕ ನನ್ನ ಕಡೆ ತಿರುಗಿದಳು.

"ಅಂಗಾರೆ ನೀನು ಬರ್ದಿದ್ದು?" ಎಂದಳು.

"ಅವರು ಮುಗಿಸ್ಲೇ ಇಲ್ಲ ಅಕ್ಕ. ಮತ್ತೆ ಮೊದಲಿಂದ ಹಾಕ್ಬುಟ್ರು. ನಾನೇ ಬರ್ದೆ."

"ಯಾಕೆ?"

"ನೀನು ಬೇಜಾರಾಗಿದ್ಯಲ್ಲ ಅಂತ."

ಅಕ್ಕ ನಿಂತುಬಿಟ್ಟಳು. "ನಾನು ಬೇಜಾರಾಗಿದ್ದೆ ಅಂತ ನಿಂಗೆ ಗೊತ್ತಿತ್ತಾ?"

ಸುಳ್ಳು ಹೇಳಲಾಗಲಿಲ್ಲ. "ಗೊತ್ತಿತ್ತು. ಅಮ್ಮ ಅಜ್ಜೀಗೆ ಹೇಳ್ವಾಗ ಕೇಳಿಸ್ಕೊಂಡೆ."

"ಗೊತ್ತಿದ್ದೂ ಒಂದು ಮಾತು ಕೇಳ್ಲಿಲ್ಲ ನೀನು." ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ಅತ್ತೆಮ್ಮ 'ಇನ್ನೊಂದಾಯ್ತದೆ ಬುಡು' ಅಂದ್ರು. ಅಮ್ಮ ಜ್ವರ ಅಂದ್ಲು. ಅವರು ಪಾಪ, ಆ ಕಡೆ ಮುಖ ಮಾಡ್ಕೊಂಡು ಹಾಲಿನ ಲೆಕ್ಕ ಬರೀತಾ ಕುಂತ್ರು. ಎಲ್ರೂ ಏನೂ ಆಗೇ ಇಲ್ಲ ಅನ್ನೋ ಥರ. ನೀನಾದ್ರೂ ಕೇಳ್ತೀಯ ಅಂತ ಕಾಗದ ಬಂದಾಗೆಲ್ಲ ಒಡೀತಿದ್ದೆ. ನೋಡುದ್ರೆ ಅವಳ ಅಮ್ಮ ಬಂದ್ಲು, ಕೋಟು ಹಾಕ್ಕೊಂಡಿದ್ಲು!"

"ನಾಲ್ಕು ಸಲ ಓದಿದೆ ಅಂತ ಬರ್ದಿದ್ದೆಯಲ್ಲ."

"ಓದ್ದೆ. ಎಲ್ಲಾದ್ರೂ ಒಂದ್ಕಡೆ 'ಹೇಗಿದೀಯಕ್ಕ' ಅಂತ ಬರ್ದಿದೀಯೇನೋ ಅಂತ ಹುಡುಕ್ದೆ."

ದಾರಿಯ ಪಕ್ಕದ ಒಂದು ಮನೆಯ ಜಗಲಿಯ ಮೇಲೆ ಕೂತೆವು. ಬಾಗಿಲು ಹಾಕಿತ್ತು. ಆಗ ಅಕ್ಕ ಹೇಳತೊಡಗಿದಳು. ಆ ದಿನ ಬೆಳಿಗ್ಗೆ ಕೊಟ್ಟಿಗೆ ಗುಡಿಸುತ್ತಿದ್ದದ್ದು, ನಾಗಮಂಗಲದ ಆಸ್ಪತ್ರೆಯ ಕಬ್ಬಿಣದ ಮಂಚ, ಪಕ್ಕದ ಮಂಚದ ಹೆಂಗಸಿಗೆ ಅದೇ ಹೊತ್ತಿಗೆ ಹೆರಿಗೆಯಾಗಿ ಮಗು ಅತ್ತದ್ದು. ಹೆಣ್ಣು ಎಂದು ನರ್ಸಮ್ಮ ಹೇಳಿದ್ದಳಂತೆ. ನೋಡಲು ಬಿಡಲಿಲ್ಲವಂತೆ. ಅವಳು ಮನಸ್ಸಿನಲ್ಲಿ ಒಂದು ಹೆಸರು ಇಟ್ಟುಕೊಂಡಿದ್ದಳು, ಅದನ್ನು ನನಗೆ ಹೇಳಿದಳು. ನಾನು ಈವರೆಗೆ ಯಾರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ನನಗೆ ಹದಿನೈದಾಗಿತ್ತು. ಅವಳ ಕೈ ಹಿಡಿದುಕೊಂಡಿದ್ದೆ. ಎಲ್ಲೋ ಇನ್ನೊಂದು ದೇಶದಲ್ಲಿ ಒಂದು ಕೋಣೆಯಲ್ಲಿ ಯಾರೋ ಕೂತು, ಮಕ್ಕಳು ಅಳಬಾರದು ಎಂದು ಒಳ್ಳೆಯ ಮನಸ್ಸಿನಿಂದಲೇ ಆ ಪೆಟ್ಟಿಗೆಯನ್ನು ಕತ್ತರಿಸಿರಬೇಕು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನಾನೂ ಅವರ ಸಾಲಿನವಳೇ ಆಗಿದ್ದೆ.

ಗುಡಿ ತಲುಪಿದಾಗ ಅಮ್ಮ, "ಎಷ್ಟೊತ್ತೇ! ಬಾಗ್ಲು ಹಾಕೋರು," ಎಂದು ಬೈದಳು. ಅಕ್ಕ ಹೊಳೆಗಿಳಿದು ಮುಖ ತೊಳೆದುಕೊಂಡು ಬಂದು ಪೂಜೆಗೆ ನಿಂತಳು. "ಕಣ್ಯಾಕೆ ಕೆಂಪಗಾಗದೆ?" ಎಂದು ಅಮ್ಮ ಕೇಳಿದಳು. "ಅತ್ತಿದ್ದೆ ಅಮ್ಮ," ಎಂದಳು ಅಕ್ಕ. ಅಮ್ಮ ಅವಳನ್ನೇ ನೋಡಿದಳು. ಕುಂಕುಮದ ಬೆರಳು ಅಕ್ಕನ ಹಣೆಯ ಹತ್ತಿರವೇ ನಿಂತಿತು. ಮತ್ತೇನೂ ಕೇಳಲಿಲ್ಲ, ಆದರೆ ಮನೆಗೆ ಹೋಗುವವರೆಗೂ ಅವಳ ತೋಳು ಬಿಡಲಿಲ್ಲ.

ಎರಡು ದಿನದ ಮೇಲೆ ಅಕ್ಕ ನಾಗಮಂಗಲದ ಬಸ್ಸು ಹತ್ತಿದಳು. ಕ್ಯಾಸೆಟ್ಟನ್ನು ಅಪ್ಪ ವಾಪಸು ತಲುಪಿಸಿದರು. ಜಪಾನಿನ ಆ ಅಮ್ಮ ಮಾರನೆಯ ವರ್ಷ ಊರಿಗೆ ಹೋದರಂತೆ, ನನಗೆ ಮತ್ತೆ ಸಿಗಲಿಲ್ಲ. ಸಿಕ್ಕಿದ್ದರೆ, ಫೋಟೋದ ಮುಂದೆ ಹುಡುಗಿ ಹೇಳಿದ್ದೇನು ಎಂದು ಕೇಳಬೇಕೆಂದಿದ್ದೆ.

ಆಮೇಲೆ ಅಕ್ಕನ ಕಾಗದಗಳು ಉದ್ದವಾದವು. ಇನ್‌ಲ್ಯಾಂಡ್ ಲೆಟರಿನ ಮಡಿಕೆಯ ಅಂಚುಗಳಲ್ಲೂ ಬರೆಯುತ್ತಿದ್ದಳು. ಕಾರ್ಟೂನಿನ ಮಾತಿಲ್ಲ. ಅತ್ತೆಮ್ಮ ತಾನು ಚಿಕ್ಕ ವಯಸ್ಸಿನಲ್ಲಿ ಕಳೆದುಕೊಂಡ ಇಬ್ಬರು ಮಕ್ಕಳ ವಿಷಯವನ್ನು ಒಂದು ಮಧ್ಯಾಹ್ನ ಹುಣಸೆಹಣ್ಣು ಬಿಡಿಸುತ್ತ ತಾನಾಗಿಯೇ ಹೇಳಿದ್ದು. ಭಾವ ಒಂದು ದಿನ ಲೆಕ್ಕದ ಪುಸ್ತಕ ಮುಚ್ಚಿಟ್ಟು ಅತ್ತದ್ದು. ಅವಳ ಊರಿನ ಕೆರೆಗೆ ಬಂದ ಬಿಳಿ ಹಕ್ಕಿಗಳು. ಆಗಾಗ ಒಂದು ಸಾಲಿನಲ್ಲಿ, "ಈವತ್ತು ಅವಳ ನೆನಪು ಬಂತು" ಎಂದಿರುತ್ತಿತ್ತು, ಹೆಸರು ಬರೆಯುತ್ತಿರಲಿಲ್ಲ, ನನಗೆ ತಿಳಿಯುತ್ತಿತ್ತು. ನಾನೂ ಬರೆದೆ. ಅಜ್ಜಿ ತೀರಿಕೊಂಡಾಗ, ಅವಳು ಕೊನೆಯ ದಿನಗಳಲ್ಲಿ ಹೇಗಿದ್ದಳೆಂದು ಒಂದನ್ನೂ ಬಿಡದೆ ಬರೆದೆ. ನಾಲ್ಕು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ಅವಳಿಗೆ ಒಬ್ಬ ಮಗ ಹುಟ್ಟಿದ, ಇಂಗ್ಲಿಷ್ ಪರೀಕ್ಷೆಯನ್ನೂ ಮತ್ತೆ ಕಟ್ಟಿ ಪಾಸು ಮಾಡಿಕೊಂಡಳು.

ಆ ಮೇಲೆ ಎರಡೂ ಮನೆಗೆ ಫೋನು ಬಂತು. ಮೊದಲ ದಿನ ಇಬ್ಬರೂ ಕಿರುಚಿ ಮಾತಾಡಿದೆವು. ಆ ವಾರ ಕಾಗದ ಬರೆಯಲಿಲ್ಲ, ಮುಂದಿನ ವಾರವೂ ಬರೆಯಲಿಲ್ಲ. ನಿಲ್ಲಿಸಬೇಕೆಂದು ಯಾರೂ ಅಂದುಕೊಂಡಿದ್ದಲ್ಲ. ಈಗ ಹೆಚ್ಚುಕಡಿಮೆ ದಿನಾ ಮಾತಾಡುತ್ತೇವೆ. ಊಟ, ಮಕ್ಕಳು, ಮಂಡಿನೋವು. ಹೋದ ವರ್ಷ ಒಂದು ದಿನ ತಡೆಯಲಾರದೆ ಕೇಳಿದೆ.

"ಅಕ್ಕ, ಒಂದು ಕಾಗದ ಬರಿಯೇ."

"ಏನಂತ ಬರೀಲೇ? ದಿನಾ ಮಾತಾಡ್ತೀವಲ್ಲ?"

"ಸುಮ್ನೆ."

"ಆಯ್ತು, ಬರೀತೀನಿ ಬುಡು," ಎಂದು ನಕ್ಕಳು. ಪೋಸ್ಟಿನವರು ನಮ್ಮ ಬೀದಿಗೆ ಬರುವುದು ಹನ್ನೊಂದರ ಸುಮಾರಿಗೆ. ಆ ಹೊತ್ತಿಗೆ ನಾನು ಹೇಗೋ ಬಾಗಿಲ ಹತ್ತಿರವೇ ಇರುತ್ತೇನೆ.